ಫ್ಲೆಕ್ಸಿನಲ್ಲಿ ತಪ್ಪಾದ ಹೆಸರು

ಚಳ್ಳಕೆರೆ
3 ಸೆಪ್ಟೆಂಬರ್ 2024

ಹೊನ್ನಕ್ಕ ಅತ್ತಿಗೆಯವರಿಗೆ ಮೈದುನ ಮಾರುತಿಯ ನಮಸ್ಕಾರಗಳು.

ಈ ಕಾಲದಲ್ಲಿ ಅಂಚೆಯಲ್ಲಿ ಕಾಗದ ಬಂತಲ್ಲ, ಅದೂ ಮನೆಗಲ್ಲದೆ ನಿಮ್ಮ ಕೆಲಸದ ಅಂಗನವಾಡಿಗೆ ಬಂತಲ್ಲ ಎಂದು ಗಾಬರಿಯಾಗಬೇಡಿ. ಎಲ್ಲರೂ ಕ್ಷೇಮ. ಫೋನ್ ಮಾಡೋಣವೆಂದರೆ ನಮ್ಮ ಮನೆಯ ಫೋನಿನ ಗುಣ ನಿಮಗೇ ಗೊತ್ತು. ಅಣ್ಣ ರಾಜಣ್ಣನಿಗೆ ಕಿವಿ ಮಂದ, ಹಾಗಾಗಿ ಅದು ಸದಾ ಸ್ಪೀಕರ್ ಮೇಲೆ. ವಿಧಾನಸಭೆಯ ಸ್ಪೀಕರಿಗಿಂತ ನಿಷ್ಪಕ್ಷಪಾತಿ; ಒಳಗಿದ್ದವರಿಗೂ ಹೊರಗಿದ್ದವರಿಗೂ ಸಮನಾಗಿ ಕೇಳಿಸುತ್ತದೆ. ನಾನಿಲ್ಲಿ ಸೀನಿದರೆ ಕೊಂಡ್ಲಹಳ್ಳಿಯ ಕಟ್ಟೆಯ ಮೇಲೆ ಕೂತವರು ‘ಚಿರಂಜೀವಿ’ ಎನ್ನುತ್ತಾರೆ. ಈ ವಿಷಯ ಅಣ್ಣನ ಕಿವಿಗೆ ಬೀಳುವಂಥದ್ದಲ್ಲ.

ಅಪ್ಪನ ವರ್ಷದ ತಿಥಿ ಮುಂದಿನ ತಿಂಗಳೆಂದು ನನ್ನ ವಿದ್ಯಾರ್ಥಿಗಳು ಈಗಲೇ ಕಾಲೇಜಿನ ತಿರುವಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ‘ಕುಲದೇವರ ಪೆಟ್ಟಿಗೆ ಹೊತ್ತ ಪೂಜಾರಿ ದಾಸಣ್ಣನವರ ಪ್ರಥಮ ಪುಣ್ಯಸ್ಮರಣೆ.’ ಫೋಟೊದಲ್ಲಿ ಅಪ್ಪ ನನ್ನ ಎಸ್ಸೆಸ್ಸೆಲ್ಸಿ ಗಣಿತದ ಅಂಕ ನೋಡುತ್ತಿರುವ ಹಾಗಿದ್ದಾರೆ. ಮೊನ್ನೆ ಕ್ಲಾಸು ಮುಗಿಸಿ ಹೊರಗೆ ಬಂದರೆ ಗೇಟಿನಲ್ಲಿ ಒಬ್ಬ ಹೆಂಗಸು ಕಾಯುತ್ತಿದ್ದಳು. ಬಸ್ ಸ್ಟ್ಯಾಂಡ್ ಹಿಂದೆ ಎಗ್‌ರೈಸ್ ಗಾಡಿ ಇಟ್ಟಿರುವ ಶಶಿರೇಖಾ.

“ಸಾರ್, ಫ್ಲೆಕ್ಸ್‌ನಾಗೆ ಹೆಸರು ತಪ್ಪಾಗೈತೆ” ಎಂದಳು.

ಕನ್ನಡ ಮೇಷ್ಟ್ರಿಗೆ ಕಾಗುಣಿತ ತಪ್ಪಾಗಿದೆ ಎಂದರೆ ಎದೆ ಧಸಕ್ಕೆನ್ನುತ್ತದೆ. ‘ದಾಸಣ್ಣ’ನಿಗೆ ಒತ್ತು ಬಿಟ್ಟುಹೋಯಿತೇನೋ ಎಂದುಕೊಂಡೆ.

“ದಾಸಣ್ಣ ಅಲ್ಲ ಸಾರ್. ಇವ್ರು ನಾಗೇಂದ್ರಪ್ಪ ತಾತ. ನಮ್ಮ ಹಾಫ್ ಬಾಯ್ಲ್ ತಾತ. ವಾರವಾರ ಬರೋರು, ಬರೋದೇ ನಿಂತುಹೋಯ್ತು. ಇಲ್ಲಿ ನೋಡಿದ್ರೆ ಹಾರ ಹಾಕವ್ರೆ.”

ಅತ್ತಿಗೆ, ಕಾಗದವನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬನ್ನಿ. ನಮ್ಮ ಕುಲದಲ್ಲಿ ಕುರಿ ಒಳಗೆ, ಕೋಳಿ ಹೊರಗೆ; ಕುರಿ ತಿಂದರೆ ನಡೆದೀತು, ಮೊಟ್ಟೆ ಮುಟ್ಟಿದರೂ ಮೈಲಿಗೆ. ಯಾರದೋ ಹುಂಜ ನಮ್ಮ ಜಗಲಿ ಹತ್ತಿತೆಂದು ಇಡೀ ಮನೆಯನ್ನು ಗಂಜಲದಲ್ಲಿ ತೊಳೆಸಿದ ಮಹಾಪುರುಷ ನಮ್ಮಪ್ಪ. ಆ ಅಪ್ಪ ವಾರಕ್ಕೊಮ್ಮೆ ‘ಮಂಡಿಗೆ ಎಣ್ಣೆ ಹಚ್ಚಿಸ್ಕೊಂಡು ಬರ್ತೀನಿ’ ಎಂದು ಚಳ್ಳಕೆರೆ ಬಸ್ಸು ಹತ್ತುತ್ತಿದ್ದರಲ್ಲ, ಮೊಳಕಾಲ್ಮೂರು ತಾಲ್ಲೂಕಿನವರಿಗೆ ಮೊಳಕಾಲು ನೋವು ಸಹಜವೇ ಎಂದು ನಾನೂ ನಂಬಿದ್ದೆ. ಎಣ್ಣೆ ಬಿದ್ದದ್ದು ನಿಜ. ಕಾವಲಿಯ ಮೇಲೆ ಬಿದ್ದಿತ್ತು.

ನಿಮಗೇನಾದರೂ ಇದರ ಸುಳಿವಿತ್ತೆ? ಉತ್ತರ ಬರೆಯಿರಿ. ನಗು ತಡೆಯಲಾಗುತ್ತಿಲ್ಲ.

ನಿಮ್ಮ
ಮಾರುತಿ


ಕೊಂಡ್ಲಹಳ್ಳಿ
9 ಸೆಪ್ಟೆಂಬರ್ 2024

ಮಾರುತಿಗೆ ಅತ್ತಿಗೆಯ ಆಶೀರ್ವಾದ.

ನಿನ್ನಂಗೆ ಬರೆಯೋಕೆ ನನಗೆ ಬರಲ್ಲ, ಮಾತಾಡಿದಂಗೇ ಬರೀತೀನಿ. ನಿನ್ನ ಕಾಗದ ಬಂತು. ನಾವೆಲ್ಲ ಚೆನ್ನಾಗಿದ್ದೀವಿ. ಶೇಂಗಾ ಈ ಸಲ ಪರವಾಗಿಲ್ಲ. ಅಂಗನವಾಡಿ ಗೋಡೆಗೆ ಸುಣ್ಣ ಹೊಡೆಸಿದ್ರು, ಮಕ್ಕಳು ಅದರ ಮೇಲೆ ಆಗಲೇ ಆನೆ ಬರೆದವ್ರೆ. ಮಾವನ ಸಮಾಧಿಗೆ ಕಲ್ಲು ಬಂದೈತೆ. ಕಲ್ಲಿನ ಮೇಲೆ ಏನು ಕೆತ್ತಿಸ್ಬೇಕು ಅನ್ನೋದನ್ನ ಮಾರುತೀನೇ ಬರೆದು ಕಳಿಸ್ಲಿ, ಅವನು ಓದಿದೋನು ಅಂತ ಕುಲದ ಹಿರಿಯರು ಹೇಳವ್ರೆ. ಮಾವ ಹಿಡಿದ ನೇಮ, ಮಡಿ, ಎಲ್ಲಾ ಬರ್ಬೇಕಂತೆ.

ನಿನ್ನ ಹೆಂಡ್ತಿ ಪ್ರೇಮಲತಾನ, ಮಕ್ಕಳನ್ನ ಕೇಳಿದೆ ಅಂತ ಹೇಳು. ಆ ಫ್ಲೆಕ್ಸ್ ಬಿಚ್ಚಿಸಿಬಿಡು, ಬಿಸಿಲಿಗೆ ಬಣ್ಣ ಹೋಗ್ತದೆ.

ಹೊನ್ನಕ್ಕ


ಚಳ್ಳಕೆರೆ
15 ಸೆಪ್ಟೆಂಬರ್ 2024

ಅತ್ತಿಗೆಯವರಿಗೆ,

ನಿಮ್ಮ ಕಾಗದದಲ್ಲಿ ಶೇಂಗಾ ಇದೆ, ಸುಣ್ಣವಿದೆ, ಆನೆ ಕೂಡ ಇದೆ. ಮೊಟ್ಟೆ ಮಾತ್ರ ಇಲ್ಲ. ನಿಮಗೆ ಆಘಾತವಾಗಿದೆ ಎಂದು ಅರ್ಥವಾಯಿತು. ದೇವರಂಥ ಮಾವ ಎಂದು ನಂಬಿದ್ದ ಸೊಸೆಗೆ ಹೀಗೆ ಒಮ್ಮೆಲೇ ಹೇಳಬಾರದಿತ್ತು. ಆದರೆ ಆಘಾತ ಆರಿದ ಮೇಲೆ ಉಳಿಯುವುದು ಚೆಂದದ್ದೇ, ಕೇಳಿ.

ನಾನೀಗ ದಿನಾ ಸಂಜೆ ಆ ಗಾಡಿಯ ಹತ್ತಿರ ಹೋಗುತ್ತಿದ್ದೇನೆ. ಗಾಡಿಯ ಹಿಂದೆ ಗೋಡೆಗೆ ಒರಗಿಸಿದ ಒಂದು ಪ್ಲಾಸ್ಟಿಕ್ ಸ್ಟೂಲು, ಅದು ಅಪ್ಪನ ಜಾಗವಂತೆ. ಅಪ್ಪ ಅಲ್ಲಿ ಕೂತು ಬೆಳ್ಳುಳ್ಳಿ ಸುಲಿದು ಕೊಡುತ್ತಿದ್ದರಂತೆ. ಊರಿನಲ್ಲಿ ಅವರ ಸಮಕ್ಕೆ ಯಾರೂ ಕೂರುವ ಹಾಗಿರಲಿಲ್ಲ. ಇಲ್ಲಿ ಆಟೋದವರು “ತಾತ, ಜರಗು” ಎಂದು ತೊಡೆ ತಾಗಿಸಿ ಕೂರುತ್ತಿದ್ದರಂತೆ.

ಮತ್ತೆ ಅಪ್ಪ ಅಲ್ಲಿ ನಗಿಸುತ್ತಿದ್ದರು, ಅತ್ತಿಗೆ. ನಮ್ಮಪ್ಪ. ಮೊದಲ ದಿನ ಶಶಿರೇಖಾ “ತಾತ, ಫುಲ್ ಬಾಯ್ಲಾ, ಹಾಫ್ ಬಾಯ್ಲಾ?” ಎಂದು ಕೇಳಿದ್ದಕ್ಕೆ, “ಹಲ್ಲು ಅರ್ಧ ಬಿದ್ದೋಗವೆ ಕಣಮ್ಮ, ಇರೋದೇ ಅರ್ಧ ಬಾಯಿ, ಹಾಫೇ ಮಾಡು” ಎಂದರಂತೆ. ಅಂದಿನಿಂದ ಹಾಫ್ ಬಾಯ್ಲ್ ತಾತ; ನಾಗೇಂದ್ರಪ್ಪ ಎಂಬುದು ಅಪ್ಪನೇ ಇಟ್ಟುಕೊಂಡ ಸುಳ್ಳು ಹೆಸರು. ಆಮ್ಲೆಟ್ ಮಗುಚುವಾಗ ಹರಿದರೆ, “ಬಿಡಮ್ಮ, ಹೊಲಿಗೆ ಹಾಕೋಕೆ ಇದೇನು ಕಂಬಳೀನಾ” ಎನ್ನುತ್ತಿದ್ದರಂತೆ. ಯಾವ ಊರು ಎಂದು ಪೊಲೀಸಿನವನೊಬ್ಬ ಕೇಳಿದ್ದಕ್ಕೆ, “ಹಸಿದಾಗ ಇದೇ ಊರು ಸಾಮಿ, ತಿಂದ್ಮೇಲೆ ಬಸ್ಸು ಯಾವ ಕಡೆ ಹೋದ್ರೆ ಆ ಊರು.”

ಇಷ್ಟು ವರ್ಷ ನನ್ನ ಪನ್‌ಗಳಿಗೆ ಪ್ರೇಮಲತಾ ತಲೆ ಚಚ್ಚಿಕೊಂಡಾಗ, ಈ ರೋಗ ನನಗೆ ಎಲ್ಲಿಂದ ಅಂಟಿತೆಂದು ನನಗೂ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ಆಸ್ತಿ ಅಣ್ಣನಿಗೂ ನನಗೂ ಸಮಪಾಲಾಗಿತ್ತು, ಹಾಸ್ಯ ಪೂರ್ತಿ ನನ್ನ ಪಾಲಿಗೆ ಬಂದಿದೆ.

ಇದನ್ನೆಲ್ಲ ಸೇರಿಸಿ ವಾರಪತ್ರಿಕೆಯ ನನ್ನ ಅಂಕಣಕ್ಕೆ ಬರೆದಿದ್ದೇನೆ. ‘ಅರ್ಧ ಬೆಂದ ಸತ್ಯ’ ಎಂದು ಶೀರ್ಷಿಕೆ. ತಿಥಿಗೆ ಮೊದಲೇ ಬರುವ ಹಾಗೆ ಕೊಡುತ್ತೇನೆ. ನಾನು ಬರೆದದ್ದರಲ್ಲಿ ಇಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ.

ಮಾರುತಿ


ಕೊಂಡ್ಲಹಳ್ಳಿ
22 ಸೆಪ್ಟೆಂಬರ್ 2024

ಮಾರುತಿ,

ನಿನ್ನ ಕಾಗದ ಓದಿ ಕೈಕಾಲು ಆಡ್ಲಿಲ್ಲ. ಉತ್ತರ ಬರೆದು ಅದು ಮುಟ್ಟೋವಷ್ಟರಾಗೆ ಅಚ್ಚಾಗಿಬಿಟ್ರೆ ಅಂತ ಫೋನ್ ಮಾಡಿದೆ. ಮನೆ ತುಂಬ ಜನ. ಬಾಯಿ ಬಿಟ್ಟು ಹೇಳೋಕಾಗುತ್ತಾ? “ಆ ಬಿಳೀ ಸಾಮಾನಿನ ವಿಷಯ ಹಾಕ್ಬೇಡ ಕಣಪ್ಪ” ಅಂದೆ. ನಿಮ್ಮಣ್ಣ ಪಕ್ಕದಾಗೆ ಕೂತು “ಏನು, ಸಿಮೆಂಟಾ?” ಅಂದ್ರು. ನೀನು ಅಲ್ಲಿ ನಕ್ಕಿದ್ದು ಇಲ್ಲಿ ಓಣಿಗೆಲ್ಲ ಕೇಳಿಸ್ತು. ಈಗ ನಿಮ್ಮಣ್ಣ, ಸಮಾಧಿಗೆ ಬಿಳೀ ಸಿಮೆಂಟು ಹಾಕಿಸೋದು ಇವಳಿಗೆ ಬ್ಯಾಡಂತೆ, ಅದಕ್ಕೇ ಹಾಕಿಸ್ತೀನಿ ಅಂತ ಹಟಕ್ಕೆ ಬಿದ್ದು ಮೊಳಕಾಲ್ಮೂರಿಗೆ ಹೇಳಿಕಳಿಸವ್ರೆ.

ನಗೋ ಮಾತಲ್ಲ. ನಿನ್ನ ಪತ್ರಿಕೆ ಇಲ್ಲಿ ಕಟಿಂಗ್ ಶಾಪಿಗೂ ಬರ್ತದೆ, ಸೊಸೈಟಿಗೂ ಬರ್ತದೆ. ಒಬ್ಬ ಓದಿದ್ರೆ ಸಾಕು. ಹಿರಿಯರು ಕಟ್ಟೆಗೆ ಕೂತ್ಕೊಂತಾರೆ. ಅಷ್ಟು ವರ್ಷ ಮೈಲಿಗೆ ಮೈಯಾಗೆ ದೇವರು ಹೊತ್ತಿದ್ದ ಅಂತಾರೆ. ಪೆಟ್ಟಿಗೇನ ಹೊಳೆಗೆ ಒಯ್ದು ತೊಳೀಬೇಕು ಅಂತಾರೆ. ಈಗ ಅದನ್ನ ಹೊತ್ತಿರೋ ನಿಮ್ಮಣ್ಣನ್ನ ಇಳಿಸ್ತಾರೆ, ಅದನ್ನ ತಡ್ಕೊಬೋದು. ಆದ್ರೆ ಹಿಂದಿನ ಪೂಜಾರಿಗಳ ಸಾಲಿನಾಗೆ ಮಾವನ ಸಮಾಧಿ ಇರ್ಬಾರ್ದು ಅಂತಾರೆ ನೋಡು, ಅದನ್ನ ತಡ್ಕೊಳ್ಳೋಕಾಗಲ್ಲ. ಬದುಕಿದ್ದೋರಾದ್ರೆ ಎದ್ದು ನಿಂತು ಉತ್ತರ ಕೊಡ್ತಾರೆ. ಮಲಗಿದೋರನ್ನ ಎಬ್ಬಿಸಿ ನ್ಯಾಯ ಕೇಳೋದು ಯಾವ ಮರ್ಯಾದೆ?

ಬರೀಬೇಡ.

ಹೊನ್ನಕ್ಕ


ಚಳ್ಳಕೆರೆ
27 ಸೆಪ್ಟೆಂಬರ್ 2024

ಅತ್ತಿಗೆಯವರಿಗೆ,

ಬಿಳೀ ಸಿಮೆಂಟಿಗೆ ನಕ್ಕಿದ್ದಕ್ಕೆ ಕ್ಷಮಿಸಿ. ಉಳಿದದ್ದಕ್ಕೆ ಕ್ಷಮೆ ಕೇಳಲಾರೆ. ಲೇಖನವನ್ನು ಸಂಪಾದಕರಿಗೆ ಕೊಟ್ಟಾಗಿದೆ.

ನೀವು ಊರು ಏನನ್ನುತ್ತದೆ ಎಂದು ಬರೆದಿದ್ದೀರಿ. ನಾನು ನನ್ನದೊಂದನ್ನು ಹೇಳುತ್ತೇನೆ. ಅಪ್ಪ ವಾರವಾರ ನಮ್ಮ ಮನೆಗೂ ಬರುತ್ತಿದ್ದರು. ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತು “ಎಲ್ಲಾ ಆರಾಮಾ?” ಎನ್ನುತ್ತಿದ್ದರು. ಪ್ರೇಮಲತಾ ನೀರು ತಂದರೆ ಕೈ ಅಡ್ಡ ಹಿಡಿಯುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಮಕ್ಕಳಿಗೆ ಮೊಟ್ಟೆ ಬೇಯುತ್ತದಲ್ಲ, ಅದಕ್ಕೆ. ಮಕ್ಕಳು ತಾತ ಎಂದು ಓಡಿಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅವರು ಹೋದ ಮೇಲೆ ಪ್ರೇಮಲತಾ ಆ ಲೋಟದ ನೀರನ್ನು ತುಳಸಿಗೆ ಹಾಕುತ್ತಿದ್ದಳು.

ನಮ್ಮ ಬಾಗಿಲಿಂದ ನೇರವಾಗಿ ಹೋಗುತ್ತಿದ್ದದ್ದು ಆ ಸ್ಟೂಲಿಗೆ. ಅಲ್ಲಿ ಮೊಟ್ಟೆಯೂ ಆಗುತ್ತಿತ್ತು, ಮಾತೂ ಆಗುತ್ತಿತ್ತು. ಶಶಿರೇಖಾಳ ಮಗಳಿಗೆ ಒಗಟು ಹೇಳುತ್ತಿದ್ದರಂತೆ. ನನ್ನ ಮಕ್ಕಳಿಗೆ ತಾತನ ದನಿ ಹೇಗಿತ್ತೆಂದೇ ನೆನಪಿಲ್ಲ.

ಕಲ್ಲಿನ ಮೇಲೆ ಪೂಜಾರಿ ದಾಸಣ್ಣ ಇರಲಿ, ನಿಮಗೂ ಅಣ್ಣನಿಗೂ ಬೇಕಾದ ಹಾಗೆ ಬರೆದುಕೊಡುತ್ತೇನೆ. ಕಾಗದದ ಮೇಲೆ ನಗಿಸುವ ಅಪ್ಪ ಇರಲಿ. ಅವರು ಬದುಕಿದ್ದಾಗ ನನಗೆ ಸಿಗಲಿಲ್ಲ. ಈಗ ಸಿಕ್ಕಿದ್ದಾರೆ, ಬಿಟ್ಟುಕೊಡು ಎನ್ನುತ್ತೀರಿ.

ಮಾರುತಿ


ಕೊಂಡ್ಲಹಳ್ಳಿ
5 ಅಕ್ಟೋಬರ್ 2024

ಮಾರುತಿ,

ಪ್ರೇಮಲತಾನ ಲೋಟದ ವಿಷಯ ಎರಡು ಸಲ ಓದಿದೆ. ಅಂಗನವಾಡೀಲಿ ಮಕ್ಕಳು ಮಲಗಿದ್ರು. ಅದು ತಪ್ಪು ಕಣಪ್ಪ. ಮಾವ ಮಾಡಿದ್ದು ತಪ್ಪೇ.

ನನಗೆ ಆಘಾತ ಆಗೈತೆ ಅಂತ ಬರೆದಿದ್ದೆಯಲ್ಲ, ಆಗಿಲ್ಲ. ನನಗೆ ಗೊತ್ತಿತ್ತು.

ನಾನು ಅಂಗನವಾಡಿಗೆ ಸೇರಿದಾಗ ಮಕ್ಕಳಿಗೆ ಮೊಟ್ಟೆ ಕೊಡೋ ಹಾಗಾಯ್ತು. ಪೂಜಾರಿ ಸೊಸೆ ಮೊಟ್ಟೆ ಬೇಯಿಸ್ತಾಳಂತೆ ಅಂತ ಊರೆಲ್ಲ ಗುಸುಗುಸು. ಕೆಲಸ ಬಿಡಿಸಿ ಅಂತ ಹಿರಿಯರು ಬಂದು ಕೂತ್ರು. ಮಾವ ಎಲೆಅಡಿಕೆ ಜಗೀತಾ, “ಹೊರಗೆ ಮುಟ್ಟಿದ್ದು ಹೊರಗೆ. ಕೈ ತೊಳ್ಕೊಂಡು ಒಳಗೆ ಬಂದ್ರೆ ನನ್ನ ಸೊಸೆ. ಏಳ್ರಿ, ಊಟ ಮಾಡೋಣ” ಅಂದ್ರು. ಅಷ್ಟೇ. ನಾನು ದಿನಾ ಸೀಗೆಪುಡಿ, ಬೂದಿ, ನಿಂಬೆಹಣ್ಣು ಹಾಕಿ ಕೈ ತಿಕ್ಕಿ ಒಳಗೆ ಬರ್ತಿದ್ದೆ.

ಆದ್ರೂ ವಾರಕ್ಕೊಂದು ಸಲ ಮನೇಲಿ ಆ ವಾಸನೆ. ನನ್ನ ಕೈಯದೇ ಅಂದ್ಕೊಂಡೆ. ಇನ್ನೂ ತಿಕ್ಕಿದೆ, ಚರ್ಮ ಸುಲಿದು ಬಂತು. ದೊಡ್ಡತ್ತೆ ಯರ್ರಮ್ಮ ಮೂಗು ಮುಚ್ಕೊಂಡು, “ಏನೇ ಇದು, ಒಳಗೆಲ್ಲ ಗಬ್ಬು” ಅಂದ್ರು. ಮಾವ ಅಲ್ಲೇ ಇದ್ರು. “ನನಗೇನೂ ಬರಲ್ಲ. ನಿನ್ನ ಮೂಗಿಗೆ ವಯಸ್ಸಾಗೈತೆ” ಅಂದ್ರು. ನನ್ನ ಮುಖ ನೋಡ್ಲಿಲ್ಲ.

ಒಂದಿನ ಬಟ್ಟೆ ಒಗೆಯೋವಾಗ ಮಾವನ ಟವಲ್ ಕೈಗೆ ಬಂತು. ವಾಸನೆ ಅದರಾಗಿತ್ತು. ದಿನಾ ಮೊಟ್ಟೆ ಸುಲಿಯೋಳು ನಾನು, ನನಗೆ ತಪ್ಪುತ್ತಾ? ಸಿಟ್ಟು ಬರ್ಲಿಲ್ಲ ಮಾರುತಿ. ಕೈ ಹಗುರಾದ್ವು.

ಆಮೇಲೆ ಮಾವ ಚಳ್ಳಕೆರೆಗೆ ಹೊರಟ ದಿನ ತಿಂದ ವಾಸನೆ ಹೋಗ್ಲಿ ಅಂತ ಟವಲ್ ಚುಂಗಿಗೆ ಲವಂಗ ಕಟ್ಟಿ ಇಡ್ತಿದ್ದೆ. ವಾಪಸ್ ಬಂದಾಗ ಚುಂಗು ಖಾಲಿ ಇರೋದು. ಒಂದು ಸಲ ಮರೆತೆ. ಹೊಸಲು ದಾಟಿದೋರು ತಿರುಗಿ ಬಂದು, ಟವಲ್ ಕೊಡವಿ, “ಎಲ್ಲಾ ಐತಾ ನೋಡಮ್ಮ” ಅಂದ್ರು. ನಾನು ಒಳಗೆ ಹೋಗಿ ತಂದು ಕಟ್ಟಿಕೊಟ್ಟೆ. ಆ ವಿಷಯದಾಗೆ ನಮ್ಮಿಬ್ರ ಮಾತು ಅಷ್ಟೇ. ಎಲ್ಲಿ ಹೋಗ್ತಾರೆ, ಯಾರ ಹತ್ರ ತಿಂತಾರೆ ಅಂತ ನಾನು ಕೇಳ್ಲಿಲ್ಲ. ಅವರದು ಅಂತ ಇದ್ದಿದ್ದು ಅದೊಂದೇ. ಅವ್ರು ನಿದ್ದೆ ಮಾಡೋದನ್ನೂ ಊರು ನೋಡ್ತಿತ್ತು.

ಅವ್ರು ನಿನಗೆ ಸಿಗಲಿಲ್ಲ ಅಂತ ಬರೆದಿದ್ದೀಯ. ನೀನು ಅವ್ರ ಗೊರಕೆ ಬಗ್ಗೆ ಒಂದು ಸಲ ಪೇಪರ್ನಾಗೆ ಬರೆದಿದ್ದೆ, ಚೆನ್ನಾಗಿತ್ತು, ನಾನೂ ನಕ್ಕಿದ್ದೆ. ಅದನ್ನ ಕಟ್ಟೆ ಮೇಲೆ ಯಾರೋ ಗಟ್ಟಿಯಾಗಿ ಓದಿದ್ರು. ಅವತ್ತಿಂದ ಮಾವ ಅಂಗಳದಾಗೆ ಮಲಗೋದು ಬಿಟ್ರು, ಬೇಸಿಗೇಲೂ ಒಳಗೇ. ನಿನ್ನ ಮೇಲೆ ಬೇಜಾರು ಮಾಡ್ಕೊಳ್ಳಲಿಲ್ಲ. “ನಮ್ಮ ಮಾರುತಿ ಮುಂದೆ ಹುಷಾರಾಗಿರ್ಬೇಕು ಕಣಮ್ಮ, ನಕ್ಕಿದ್ದೂ ಅಚ್ಚಾಗ್ತದೆ” ಅಂದ್ರು. ಹೇಳೋವಾಗ ಹೆಮ್ಮೆ ಇತ್ತು. ಹೆದರಿಕೇನೂ ಇತ್ತು.

ಇದನ್ನ ಓದಿ ಒಲೆಗೆ ಹಾಕು. ಮುಂದೆ ನಿನಗೆ ಬಿಟ್ಟಿದ್ದು.

ಹೊನ್ನಕ್ಕ


ಚಳ್ಳಕೆರೆ
20 ಅಕ್ಟೋಬರ್ 2024

ಅತ್ತಿಗೆಯವರಿಗೆ,

ಕಾಗದ ತಡವಾಯಿತು. ಏನು ಬರೆದರೂ ಅದು ಅಂಕಣದ ಹಾಗೇ ಆಗುತ್ತಿತ್ತು, ಹರಿದು ಹಾಕುತ್ತಿದ್ದೆ.

ಲೇಖನ ವಾಪಸ್ ತಂದೆ. ಸಂಪಾದಕರು ಮುಖ ಸೊಟ್ಟ ಮಾಡಿದರು. ಬದಲಿಗೆ ಚಿತ್ರದುರ್ಗ ರಸ್ತೆಯ ಗುಂಡಿಗಳ ಮೇಲೆ ಏನೋ ಗೀಚಿಕೊಟ್ಟಿದ್ದೇನೆ. ‘ಗುಂಡಿಗೆ ಇದ್ದವರು ಮಾತ್ರ ಪ್ರಯಾಣಿಸಿ’ ಎಂದು ಶೀರ್ಷಿಕೆ. ಅದರಿಂದ ಯಾರ ಮಾನವೂ ಹೋಗುವುದಿಲ್ಲ, ಗುಂಡಿಗಳಿಗೆ ಅದು ಮೊದಲೇ ಇರಲಿಲ್ಲ.

ನಿನ್ನೆ ಫ್ಲೆಕ್ಸ್ ಬಿಚ್ಚಲು ಹೋಗಿದ್ದೆ. ಆಗ ಹೊಳೆಯಿತು. ಪೇಪರಿನಲ್ಲಿ ಬರದಿದ್ದರೇನು, ಶಶಿರೇಖಾಳ ಬಾಯಿಯಿದೆ. ಬಸ್ ಸ್ಟ್ಯಾಂಡಿಗೆ ನಮ್ಮೂರವರು ಎಷ್ಟು ಜನ ಬರುತ್ತಾರೆ. ದಾಸಣ್ಣ ಪೂಜಾರಿ ನಮ್ಮಲ್ಲಿ ಹಾಫ್ ಬಾಯ್ಲ್ ತಿನ್ನುತ್ತಿದ್ದರು ಎಂದು ಅವಳು ಪ್ರೀತಿಯಿಂದಲೇ ಹೇಳಿಬಿಟ್ಟರೆ? ಬಾಯಿ ಮುಚ್ಚಿಕೊಂಡಿರಮ್ಮ ಎಂದು ಹೇಳಲು ನನಗೆ ಮುಖವಿರಲಿಲ್ಲ. ಮುಚ್ಚಿಡಬೇಕಾದ್ದೇನೂ ಅವಳು ಮಾಡಿಲ್ಲ. ಫ್ಲೆಕ್ಸನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಗಾಡಿಗೆ ಹೋದೆ.

“ಅಮ್ಮ, ಊರಿಗೆ ಕಾಗದ ಬರೆದು ವಿಚಾರಿಸಿದೆ. ನನ್ನಿಂದ ತಪ್ಪಾಯಿತು. ನೀವು ಹೇಳುವ ತಾತ ನಮ್ಮಪ್ಪ ಅಲ್ಲ” ಎಂದೆ.

ಅವಳು ಸೌಟು ಹಿಡಿದುಕೊಂಡೇ ನಿಂತಳು. “ಮುಖ ಅದೇ ಐತಲ್ಲ ಸಾರ್.”

“ಮುಖ ಹೋಲುತ್ತೆ. ನಮ್ಮಪ್ಪ ಮೊಟ್ಟೆ ಮುಟ್ಟಿದವರಲ್ಲ. ತಮಾಷೆ ಮಾಡೋ ಅಭ್ಯಾಸವೂ ಇರಲಿಲ್ಲ. ನಾನು ಮಗ, ನನಗೆ ಗೊತ್ತಿರಲ್ವಾ?”

ಕೊನೆಯ ಮಾತು ಹೇಳುತ್ತಾ ಫ್ಲೆಕ್ಸನ್ನು ಮುಂದಕ್ಕೆ ಚಾಚಿದೆ. ಅವಳು ಫ್ಲೆಕ್ಸನ್ನು ಈಸಿಕೊಂಡು ಮುಖದಷ್ಟು ಬಿಚ್ಚಿ, ಗಾಡಿಯ ಬಲ್ಬಿಗೆ ಹಿಡಿದು ನೋಡಿದಳು.

“ಹೌದು ಕಣ್ ಸಾರ್” ಎಂದಳು. “ಇವ್ರು ಸಿಡುಕರಂಗೆ ಕಾಣ್ತಾರೆ. ನಮ್ಮ ತಾತಂದು ನಗುಮುಖ. ನಾನೂ ಯಾರದೋ ಹಾರ ನೋಡಿ ಅತ್ತುಬಿಟ್ಟೆ, ನೋಡಿ. ಹಂಗಾದ್ರೆ ನಮ್ಮ ತಾತ ಚೆನ್ನಾಗವ್ರೆ. ಮಗಳ ಮನೇಗೋ ಎಲ್ಲಿಗೋ ಹೋಗಿರ್ಬೇಕು. ಬಂದೇ ಬರ್ತಾರೆ.”

ಆ ಸ್ಟೂಲಿನ ಮೇಲೆ ಈರುಳ್ಳಿ ಬುಟ್ಟಿ ಇತ್ತು. ಅದನ್ನು ಇಳಿಸಿ ಒರೆಸಿಟ್ಟಳು.

ಅತ್ತಿಗೆ, ಒಂದು ಮಾತಿನಲ್ಲಿ ಅಪ್ಪನನ್ನು ಕಳೆದುಕೊಂಡೆ, ಅದೇ ಮಾತಿನಲ್ಲಿ ಅವಳಿಗೆ ಅವರನ್ನು ಬದುಕಿಸಿ ಬಂದೆ. ಸುಳ್ಳು ಹೇಳಿ ಒಬ್ಬ ಹೆಣ್ಣುಮಗಳನ್ನು ಕಾಯುವುದಕ್ಕೆ ಹಾಕಿದೆನೇ ಎಂದು ರಾತ್ರಿಯಿಂದ ಕೊರೆಯುತ್ತಿದೆ. ಪ್ರೇಮಲತಾಗೆ ಎಲ್ಲ ಹೇಳಿದೆ. “ಅವರು ಹೊರಗಾದರೂ ನೀರು ಕುಡಿದರಲ್ಲ” ಎಂದಳು, ಅಷ್ಟೇ.

ಕಲ್ಲಿಗೆ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ‘ದಾಸಣ್ಣ, ಕೊಂಡ್ಲಹಳ್ಳಿ.’ ಹಿರಿಯರು ಒಪ್ಪದಿದ್ದರೆ, ನಿಮಗೆ ಸರಿ ಕಂಡದ್ದನ್ನು ಸೇರಿಸಿ.

ನಿಮ್ಮ
ಮಾರುತಿ


ಕೊಂಡ್ಲಹಳ್ಳಿ
5 ನವೆಂಬರ್ 2024

ಮಾರುತಿಗೆ ಆಶೀರ್ವಾದ.

ತಿಥಿ ದಿನ ಗದ್ದಲದಾಗೆ ಮಾತಾಡೋಕಾಗ್ಲಿಲ್ಲ. ಪ್ರೇಮಲತಾ, ಮಕ್ಕಳು ಬಂದಿದ್ದು ಸಂತೋಷ ಆಯ್ತು. ದೀಪಾವಳೀನೂ ಮುಗೀತು.

ಕಲ್ಲು ನೋಡಿ ಹಿರಿಯರು ಗೊಣಗಿದ್ದು ನೀನೇ ಕೇಳಿಸ್ಕೊಂಡೆ. ಇಷ್ಟು ಓದಿಸಿದ್ದಕ್ಕೆ ಎರಡೇ ಮಾತಾ ಅಂತ. ನೀನು ಹೋದ ಮೇಲೆ ಮತ್ತೆ ಬಂದಿದ್ರು, ಮಡಿ ನೇಮ ಎಲ್ಲಾ ಕೆಳಗೆ ಸೇರಿಸೋಣ, ಜಾಗ ಐತಲ್ಲ ಅಂತ. “ಮಾವ ಜಾಸ್ತಿ ಮಾತಾಡ್ತಿರ್ಲಿಲ್ಲ, ಕಲ್ಲೂ ಹಂಗೇ ಇರ್ಲಿ” ಅಂದೆ. ನಿಮ್ಮಣ್ಣಂಗೆ ಏನು ಕೇಳಿಸ್ತೋ ಗೊತ್ತಿಲ್ಲ, ತಲೆಯಾಡಿಸಿದ್ರು. ಅವ್ರು ಪೂಜಾರಿ, ಅವ್ರು ತಲೆಯಾಡಿಸಿದ್ಮೇಲೆ ಮುಗೀತು.

ಆ ಹೆಣ್ಮಗಳ ವಿಷಯ. ಸುಳ್ಳು ಹೇಳಿದೆ ಅಂತ ಕೊರಗ್ತಾ ಇದ್ದೀಯ. ನಾನೂ ಯೋಚನೆ ಮಾಡಿದೆ. ಇಲ್ಲಿ ಎಡೆ ಇಟ್ವಿ, ಅಳೋದು ಅತ್ವಿ, ಉಂಡ್ವಿ, ಎದ್ವಿ. ನಿಮ್ಮಣ್ಣ ಮಾವನ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿದ್ರು. ನಮಗೆಲ್ಲ ಅವ್ರು ಹೋದ್ರು ಅಂತ ಗೊತ್ತು, ಅದಕ್ಕೆ ನಾವ್ಯಾರೂ ಅವರನ್ನ ಕಾಯಲ್ಲ. ಆಕೆ ಕಾಯ್ತಾಳೆ ಅಂದ್ಯಲ್ಲ, ಕಾಯ್ಲಿ ಬಿಡು. ಯಾರಾದ್ರೂ ಒಬ್ರು ಮಾವನ್ನ ಕಾಯ್ತಾ ಇರ್ಲಿ.

ಹೊನ್ನಕ್ಕ